ಟ್ರಫಲ್, ಮಗ್ ಕೇಕ್, ಚಾಕೊಲೇಟ್ ಬಾಂಬ್, ನೀರಿನ ಮೂಸ್: ಮಾಡಿ ನೋಡಿದ ಮೇಲೆ ಯಾವುದು ಉಳಿಯಿತು?

ಮನೆಯಲ್ಲಿ ಚಾಕೊಲೇಟ್ ತಿನಿಸು ಮಾಡೋಣ ಅಂತ ಹುಡುಕಿದರೆ ನೂರೆಂಟು ಬಗೆ ಸಿಗುತ್ತವೆ. ಕೆಲವು ಐದೇ ನಿಮಿಷದ್ದು, ಕೆಲವು ನೋಡೋಕೆ ಚೆಂದ, ಕೆಲವಕ್ಕೆ ಥರ್ಮಾಮೀಟರ್ ಬೇಕು. ಅವುಗಳಲ್ಲಿ ಹೆಚ್ಚು ಜನ ಮಾಡುವ ಕೆಲವನ್ನು ಆರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಬಾರ್ ಬೇಕಾದ ಕಡೆಯೆಲ್ಲ ಒಂದೇ ಬಗೆಯ, ಶೇಕಡ 70 ಕೋಕೋ ಇರುವ ಡಾರ್ಕ್ ಚಾಕೊಲೇಟ್ ಬಳಸಿದೆ. ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇರಲ್ಲ. ಪ್ರತಿ ಸಲ ಕೇಳಿಕೊಂಡ ಪ್ರಶ್ನೆ ಒಂದೇ: ಬಾರನ್ನು ಸುಮ್ನೆ ಮುರಿದು ತಿನ್ನುವುದಕ್ಕಿಂತ ಇದು ಚೆನ್ನಾಗಿದೆಯಾ?

ಈ ಪರೀಕ್ಷೆ ಸುಲಭದ್ದಲ್ಲ. ಒಳ್ಳೆ ಬಾರಿಗೆ ಬೇರೇನೂ ಸೇರಿಸಬೇಕಾಗಿಲ್ಲ. ಅದರಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನಮ್ಮ ಬಾಯಿಯ ಬಿಸಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿಯೇ ಮುರಿಯುವಾಗ ಟಕ್ ಅನ್ನುವ ತುಂಡು ನಾಲಿಗೆ ಮೇಲೆ ಇಟ್ಟ ತಕ್ಷಣ ಕರಗಲು ಶುರುವಾಗುತ್ತದೆ. ಇದಕ್ಕೆ ಹಾಲು, ಹಿಟ್ಟು, ಕ್ರೀಮ್ ಸೇರಿಸಿದ ಮೇಲೆ ಬಾರಿನಲ್ಲಿ ಇಲ್ಲದ ಸುಖ ಏನಾದರೂ ಸಿಗಬೇಕು. ಸಿಗದಿದ್ದರೆ ಕರಗಿಸಿದ್ದೇ ದಂಡ.

ಮಗ್ ಕೇಕ್ ಈ ಪರೀಕ್ಷೆಯಲ್ಲಿ ಮೊದಲೇ ಬಿದ್ದುಹೋಯಿತು. ನಾಲ್ಕು ಚಮಚ ಮೈದಾ, ಎರಡು ಚಮಚ ಕೋಕೋ ಪುಡಿ, ಸಕ್ಕರೆ, ಹಾಲು, ಎಣ್ಣೆ, ಚಿಟಿಕೆ ಬೇಕಿಂಗ್ ಪೌಡರ್. ಕಲಸಿ ಮೈಕ್ರೋವೇವ್‌ನಲ್ಲಿ ಒಂದು, ಒಂದೂವರೆ ನಿಮಿಷ ಇಟ್ಟರೆ ಆಯಿತು. ಅವಸರಕ್ಕೆ ಒದಗುತ್ತದೆ, ನಿಜ. ಆದರೆ ಹತ್ತು ಸೆಕೆಂಡ್ ಜಾಸ್ತಿ ಆದರೂ ರಬ್ಬರ್ ಥರ ಆಗುತ್ತದೆ, ಆರಿದರೆ ಒಣಗುತ್ತದೆ. ಮಾಡುವುದೇ ಆದರೆ ಹಿಟ್ಟಿನ ನಡುವೆ ಬಾರಿನ ಎರಡು ಚೌಕ ಹುದುಗಿಸಿ, ಮೇಲ್ಭಾಗ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ನಿಲ್ಲಿಸಿ. ಆಗ ಒಳಗೆ ಸಾಸ್ ಥರ ಉಳಿಯುತ್ತದೆ. ನನಗೆ ಇಷ್ಟವಾದದ್ದು ಆ ಸಾಸ್, ಕೇಕ್ ಅಲ್ಲ.

ಬಿಸಿ ಚಾಕೊಲೇಟಿನಲ್ಲಿ ನಿಜವಾದ ಪೈಪೋಟಿ ಇದೆ. ಒಂದು ಕಡೆ ಕೋಕೋ ಪುಡಿ, ಇನ್ನೊಂದು ಕಡೆ ತುರಿದ ಬಾರ್. ಎರಡೂ ಬೇರೆ ಬೇರೆ ಪಾನೀಯಗಳೇ. 1828ರಲ್ಲಿ ನೆದರ್ಲೆಂಡ್ಸ್‌ನ ವಾನ್ ಹೌಟೆನ್ ಮನೆತನದವರು ಪೇಟೆಂಟ್ ಪಡೆದ ವಿಧಾನದಲ್ಲಿ ಅರೆದ ಕೋಕೋವನ್ನು ಒತ್ತಿ, ಅದರ ಬೆಣ್ಣೆಯಲ್ಲಿ ದೊಡ್ಡ ಪಾಲನ್ನು ಹೊರಗೆ ತೆಗೆಯುತ್ತಿದ್ದರು. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಕೋಕೋ ಪುಡಿ. ಬೆಣ್ಣೆ ಕಡಿಮೆ ಇರುವುದರಿಂದ ಪುಡಿಯ ಘಮ ನೇರವಾಗಿ ಮೂಗಿಗೆ ಬರುತ್ತದೆ, ಆದರೆ ಪಾನೀಯ ತೆಳು. ಬಾರ್ ಹಾಕಿದರೆ ಬಾಯಿ ತುಂಬುವಷ್ಟು ದಪ್ಪ, ಆದರೆ ಘಮ ಸ್ವಲ್ಪ ಮೆತ್ತಗೆ. ನಾನು ಈಗ ಎರಡನ್ನೂ ಸೇರಿಸುತ್ತೇನೆ. 200 ಮಿಲಿ ಹಾಲಿಗೆ 30 ಗ್ರಾಂ ಬಾರ್, ಒಂದು ಚಮಚ ಪುಡಿ, ಚಿಟಿಕೆ ಉಪ್ಪು. ಪುಡಿಯನ್ನು ಮೊದಲು ಎರಡು ಚಮಚ ಬಿಸಿ ನೀರಿನಲ್ಲಿ ಕಲಸಿ ಪೇಸ್ಟ್ ಮಾಡಿಕೊಳ್ಳಬೇಕು. ನೇರವಾಗಿ ಹಾಲಿಗೆ ಸುರಿದರೆ ಗಂಟುಗಳು ತೇಲುತ್ತವೆ. ಕೊನೆಯಲ್ಲಿ ಒಂದು ನಿಮಿಷ ಚೆನ್ನಾಗಿ ಕಡೆದರೆ ಮೇಲೆ ಸಣ್ಣ ನೊರೆ ಬರುತ್ತದೆ. ಈ ಬೆರಕೆ ಬಾರನ್ನು ಗೆಲ್ಲುತ್ತದೆ, ಅದರಲ್ಲೂ ಚಳಿಯಲ್ಲಿ.

ಇದೇ ಪಾನೀಯಕ್ಕೆ ವೇಷ ಹಾಕಿದರೆ ಚಾಕೊಲೇಟ್ ಬಾಂಬ್. 2020ರ ಹೊತ್ತಿಗೆ ವಿಡಿಯೋಗಳಲ್ಲಿ ಎಲ್ಲೆಲ್ಲೂ ಇದೇ ಇತ್ತು. ಚಾಕೊಲೇಟಿನ ಟೊಳ್ಳು ಗೋಲಿಯೊಳಗೆ ಕೋಕೋ ಮಿಶ್ರಣ, ಮಾರ್ಷ್‌ಮ್ಯಾಲೋ ತುಂಬಿ, ಮೇಲಿಂದ ಬಿಸಿ ಹಾಲು ಸುರಿಯುವುದು. ಗೋಲಿ ಬಿರಿಯುವ ಕ್ಷಣ ನಿಜಕ್ಕೂ ಖುಷಿ ಕೊಡುತ್ತದೆ. ಮಕ್ಕಳು ಕಪ್ಪಿನ ಸುತ್ತ ಮುತ್ತಿಕೊಳ್ಳುತ್ತಾರೆ. ಆದರೆ ಅದರ ಹಿಂದಿನ ಕೆಲಸ ದೊಡ್ಡದು. ಗೋಲಿ ಹೊಳೆಯಬೇಕು, ಅಚ್ಚಿನಿಂದ ಸಲೀಸಾಗಿ ಕಳಚಬೇಕು ಅಂದರೆ ಟೆಂಪರಿಂಗ್ (ಬಿಸಿ ಏರಿಳಿಸಿ ಚಾಕೊಲೇಟನ್ನು ಹದಕ್ಕೆ ತರುವುದು) ಮಾಡಲೇಬೇಕು. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಹೊಳಪು, ಟಕ್ ಅನ್ನುವ ಸದ್ದು ಎರಡೂ ಕೊಡುವುದು ಐದನೆಯ ಬಗೆ. ಅದಕ್ಕಾಗಿ ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿವರೆಗೆ ಕರಗಿಸಿ, 28ರ ಆಸುಪಾಸಿಗೆ ಇಳಿಸಿ, ಮತ್ತೆ 31–32ಕ್ಕೆ ಏರಿಸಬೇಕು. ಇಷ್ಟೆಲ್ಲ ಮಾಡಿ ಕೊನೆಗೆ ಅದನ್ನು ಹಾಲಿನಲ್ಲಿ ಕರಗಿಸುತ್ತೇವೆ! ಹೊಳಪೂ ಹೋಯಿತು, ಸದ್ದೂ ಹೋಯಿತು. ರುಚಿ ನೋಡಿದರೆ ಮೇಲೆ ಹೇಳಿದ ಕಪ್ಪಿಗಿಂತ ಒಂದು ಹೆಜ್ಜೆ ಹಿಂದೆಯೇ. ಗೋಲಿಯ ಚೂರುಗಳು ತಳದಲ್ಲಿ ಕೂತು ಕೊನೆಯ ಗುಟುಕು ಮಾತ್ರ ದಪ್ಪ ಆಗುತ್ತದೆ.

ಟೆಂಪರಿಂಗ್ ತಪ್ಪಿಸಲು ಕಾಂಪೌಂಡ್ ಚಾಕೊಲೇಟ್ ಬಳಸಿ ಅಂತ ಹೇಳುವವರಿದ್ದಾರೆ. ಅದರಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯದ ಕೊಬ್ಬು ಇರುತ್ತದೆ, ಹಾಗಾಗಿ ಸುಮ್ನೆ ಕರಗಿಸಿ ಅಚ್ಚಿಗೆ ಹಾಕಿದರೂ ನಿಲ್ಲುತ್ತದೆ. ಆದರೆ ಬಾಯಲ್ಲಿ ಮೇಣದ ಪದರ ಉಳಿದಂತೆ ಅನಿಸುತ್ತದೆ. ಹುಟ್ಟುಹಬ್ಬಕ್ಕೆ ರಾಶಿ ರಾಶಿ ಮಾಡಬೇಕಾದರೆ ಸರಿ. ನಮಗಾಗಿ ಮಾಡಿಕೊಳ್ಳುವಾಗ ಬೇಡ.

ಹೊಸತನದ ತಿನಿಸುಗಳಲ್ಲಿ ನನ್ನ ಮನಸ್ಸು ಗೆದ್ದದ್ದು ಐಸ್‌ಕ್ರೀಮ್ ಮೇಲೆ ಸುರಿದ ಕೂಡಲೇ ಗಟ್ಟಿಯಾಗುವ ಚಿಪ್ಪು. 100 ಗ್ರಾಂ ಚಾಕೊಲೇಟ್, ಎರಡು ದೊಡ್ಡ ಚಮಚ ತೆಂಗಿನೆಣ್ಣೆ, ಕರಗಿಸಿದರೆ ಮುಗಿಯಿತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಕೋಕೋ ಬೆಣ್ಣೆಯ ಜೊತೆ ಸೇರಿದಾಗ ಬೆಚ್ಚಗಿನ ಅಡುಗೆಮನೆಯಲ್ಲಿ ಸುರಿಯುವಷ್ಟು ತೆಳುವಾಗಿ, ಐಸ್‌ಕ್ರೀಮಿನ ತಣ್ಣನೆಗೆ ಕೆಲವೇ ಸೆಕೆಂಡಿನಲ್ಲಿ ಹೆಪ್ಪುಗಟ್ಟುತ್ತದೆ. ಹೊಳೆಯುವ ಮೇಲ್ಮೈ ಕಣ್ಣೆದುರೇ ಮಂಕಾಗುವುದನ್ನು ನೋಡಬೇಕು. ಮಂಕಾಯಿತು ಅಂದರೆ ಗಟ್ಟಿಯಾಯಿತು, ಚಮಚದಿಂದ ತಟ್ಟಬಹುದು. ಬಾಂಬಿನಲ್ಲಿರುವ ಅದೇ ಬಿರಿಯುವ ಖುಷಿ ಇಲ್ಲೂ ಇದೆ, ಕೆಲಸ ಮಾತ್ರ ಎಷ್ಟೋ ಕಡಿಮೆ. ಬಿರಿದದ್ದು ಬಾಯಿಗೂ ಬರುತ್ತದೆ. ಎಣ್ಣೆಯ ವಾಸನೆ ಇಷ್ಟವಿಲ್ಲದವರು ಸಂಸ್ಕರಿಸಿದ ತೆಂಗಿನೆಣ್ಣೆ ಹಾಕಲಿ.

ಇನ್ನು ಉಳಿದದ್ದು ಟ್ರಫಲ್ ಮತ್ತು ನೀರಿನ ಮೂಸ್ (ಮೂಸ್ ಅಂದರೆ ಗಾಳಿ ತುಂಬಿ ನೊರೆಯಂತೆ ಹಗುರವಾದ ತಿನಿಸು). ಕೊನೆಯ ಪೈಪೋಟಿ ಇವೆರಡರ ನಡುವೆಯೇ.

ಟ್ರಫಲ್ ಅಂದರೆ ಗನಾಶ್ ಉಂಡೆ, ಗನಾಶ್ ಅಂದರೆ ಚಾಕೊಲೇಟ್ ಮತ್ತು ಕ್ರೀಮಿನ ಮಿಶ್ರಣ. 200 ಗ್ರಾಂ ಚಾಕೊಲೇಟ್ ಸಣ್ಣಗೆ ಹೆಚ್ಚಿ, ಅಂಚಿನಲ್ಲಿ ಗುಳ್ಳೆ ಬರುವಷ್ಟು ಕಾಯಿಸಿದ 100 ಮಿಲಿ ಕ್ರೀಮ್ ಅದರ ಮೇಲೆ ಸುರಿಯಬೇಕು. ಒಂದೆರಡು ನಿಮಿಷ ಮುಟ್ಟಬಾರದು. ಆಮೇಲೆ ನಡುವಿನಿಂದ ಶುರುಮಾಡಿ ನಿಧಾನಕ್ಕೆ ಸುತ್ತಬೇಕು. ಮೊದಲು ಕಲೆಕಲೆಯಾಗಿ ಕೆಟ್ಟುಹೋದಂತೆ ಕಾಣುತ್ತದೆ, ನಂತರ ನಡುವೆ ಒಂದು ಹೊಳೆಯುವ ಕಪ್ಪು ವೃತ್ತ ಹುಟ್ಟಿ ಅಗಲವಾಗುತ್ತಾ ಹೋಗುತ್ತದೆ. ಎಣ್ಣೆ ಬಿಟ್ಟುಕೊಂಡರೆ ಒಂದು ಚಮಚ ಬೆಚ್ಚನೆ ಹಾಲು ಹಾಕಿ ಕಲಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಫ್ರಿಜ್‌ನಲ್ಲಿ ಒಂದೆರಡು ಗಂಟೆ ಇಟ್ಟು, ಉಂಡೆ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸಿದರೆ ಮುಗಿಯಿತು. ಮೊದಲು ಪುಡಿಯ ಒಣ ಕಹಿ, ಆಮೇಲೆ ಒಳಗಿನ ನುಣುಪು. ಇದು ಬಾರಿನಲ್ಲಿ ಸಿಗದ ಸುಖ. ಮೊದಲೇ ಮಾಡಿಡಬಹುದು, ಯಾರಿಗಾದರೂ ಕೊಡಬಹುದು. ಉಂಡೆ ಕಟ್ಟುವಾಗ ಅಂಗೈಯಲ್ಲಿ ಕರಗುವುದೊಂದೇ ತೊಂದರೆ. ಕೈ ತಣ್ಣೀರಲ್ಲಿ ಅದ್ದಿ ಒರೆಸಿಕೊಂಡು ಬೇಗ ಬೇಗ ಮಾಡಬೇಕು.

ನೀರಿನ ಮೂಸ್‌ನ ಕಥೆಯೇ ಬೇರೆ. ಕರಗಿದ ಚಾಕೊಲೇಟಿಗೆ ನೀರು ತಾಗಬಾರದು ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ಒಂದೆರಡು ಹನಿ ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಆದರೆ ಧಾರಾಳವಾಗಿ ನೀರು ಹಾಕಿದರೆ ಗಂಟು ಬಿಟ್ಟುಕೊಂಡು ನುಣ್ಣನೆ ದ್ರವವಾಗುತ್ತದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಎರ್ವೆ ತಿಸ್ 1995ರಲ್ಲಿ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಕ್ರೀಮನ್ನು ಕಡೆದಾಗ ಅದರ ಕೊಬ್ಬು ಗಾಳಿಯನ್ನು ಹಿಡಿದಿಡುತ್ತದಲ್ವಾ? ಕೋಕೋ ಬೆಣ್ಣೆಯಿಂದಲೂ ಅದೇ ಕೆಲಸ ಮಾಡಿಸಬಹುದು ಅಂತ ತೋರಿಸಿದರು. ಹೆಸರು ಚಾಕೊಲೇಟ್ ಶಾಂಟಿಯಿ.

100 ಗ್ರಾಂ ಚಾಕೊಲೇಟ್, 90 ಮಿಲಿ ನೀರು. ಸಣ್ಣ ಉರಿಯಲ್ಲಿ ಒಟ್ಟಿಗೆ ಕರಗಿಸಿ, ಆ ಪಾತ್ರೆಯನ್ನು ಐಸ್ ನೀರು ತುಂಬಿದ ದೊಡ್ಡ ಬೋಗುಣಿಯಲ್ಲಿ ಕೂರಿಸಿ, ಕಡೆಯುತ್ತಾ ಹೋಗುವುದು. ಮೊದಮೊದಲು ಏನೂ ಆಗುವುದಿಲ್ಲ. ಬರೀ ಕಂದು ನೀರು ಅಲ್ಲಾಡುತ್ತಿರುತ್ತದೆ. ಆಮೇಲೆ ವಿಸ್ಕ್ ಹಾದುಹೋದ ಕಡೆ ಗೆರೆ ಉಳಿಯಲು ಶುರುವಾಗುತ್ತದೆ, ಬಣ್ಣ ಒಂದು ಛಾಯೆ ತಿಳಿಯಾಗುತ್ತದೆ, ಕೈಗೆ ಭಾರ ಗೊತ್ತಾಗುತ್ತದೆ. ಆಗಲೇ ಐಸಿನಿಂದ ಎತ್ತಬೇಕು. ಇನ್ನೂ ನಾಲ್ಕು ಸುತ್ತು ಕಡೆದರೆ ತರಿತರಿ. ಹಾಗಾದರೂ ಏನೂ ನಷ್ಟವಿಲ್ಲ. ಮತ್ತೆ ಕರಗಿಸಿ ಮತ್ತೆ ಕಡೆಯಬಹುದು. ಎಷ್ಟು ಕಡೆದರೂ ಗಟ್ಟಿಯಾಗದಿದ್ದರೆ ಇನ್ನೊಂದು ಚೌಕ ಚಾಕೊಲೇಟ್ ಸೇರಿಸಿ ಕರಗಿಸಿಕೊಳ್ಳಬೇಕು.

ರುಚಿಯಲ್ಲಿ ಇದು ಟ್ರಫಲ್‌ಗಿಂತ ಮುಂದೆ. ಕ್ರೀಮ್ ಚಾಕೊಲೇಟಿನ ಹುಳಿಯನ್ನೂ ಕಹಿಯನ್ನೂ ಮೆತ್ತಗೆ ಮಾಡುತ್ತದೆ. ನೀರಿಗೆ ತನ್ನದೇ ರುಚಿ ಇಲ್ಲ, ಹಾಗಾಗಿ ಬಾರಿನಲ್ಲಿ ಏನಿತ್ತೋ ಅದೆಲ್ಲ ಹಗುರವಾಗಿ ಬಾಯಿಗೆ ಬರುತ್ತದೆ. ಬಾರ್ ಚೆನ್ನಾಗಿಲ್ಲದಿದ್ದರೆ ಅದೂ ಗೊತ್ತಾಗುತ್ತದೆ. ನೀರಿನ ಬದಲು ಕಾಫಿ ಡಿಕಾಕ್ಷನ್ ಅಥವಾ ಕಿತ್ತಳೆ ರಸ ಹಾಕಿದರೂ ನಡೆಯುತ್ತದೆ. ಕಾಫಿಯದ್ದು ನನಗೆ ಬಹಳ ಇಷ್ಟ. ಕಿತ್ತಳೆಯದ್ದು ಸ್ವಲ್ಪ ಹುಳಿ ಜಾಸ್ತಿ, ಒಂದು ಚಮಚ ಸಕ್ಕರೆ ಬೇಕು. ಮಾಡಿದ ಕೂಡಲೇ ತಿನ್ನಬೇಕು ಅನ್ನುವುದು ಇದರ ಮಿತಿ. ಫ್ರಿಜ್‌ನಲ್ಲಿಟ್ಟರೆ ಬಿಗಿಯಾಗಿ ಹಗುರತನ ಹೋಗುತ್ತದೆ. ಹಾಗಾಗಿ ಉಡುಗೊರೆಗೆ ಟ್ರಫಲ್, ಊಟವಾದ ಮೇಲೆ ಮನೆಮಂದಿಗೆ ಮೂಸ್.

ಕಪಾಟಿನಲ್ಲಿ ಬಹಳ ದಿನ ಉಳಿದು ಮೇಲೆ ಬಿಳಿ ಪೊರೆ ಬಂದ ಬಾರ್ ಇದ್ದರೆ ಎಸೆಯಬೇಡಿ. ಸಾಮಾನ್ಯವಾಗಿ ಅದು ಬೂಷ್ಟಲ್ಲ. ಕೋಕೋ ಬೆಣ್ಣೆ ಮೇಲೆದ್ದು ಹರಳಾಗಿರುತ್ತದೆ, ಇಲ್ಲವೇ ತೇವ ತಾಗಿ ಸಕ್ಕರೆ ಮೇಲೆ ಬಂದಿರುತ್ತದೆ. ಹಾಗೇ ತಿಂದರೆ ಮರಳು ಮರಳು ಅನಿಸುತ್ತದೆ. ಮೂಸ್‌ಗೆ ಹಾಕಿದರೆ ಹೊಸ ಬಾರಿಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ.