ಮೈಲೇಜ್ ಟ್ಯೂನಿಂಗ್ ಮಾಡಿಸುವ ಮುನ್ನ ಇದನ್ನೊಮ್ಮೆ ಓದಿ

ಲ್ಯಾಪ್‌ಟಾಪ್ ಹಿಡಿದು ಮನೆ ಬಾಗಿಲಿಗೇ ಬಂದು, ‘ಇಸಿಯು ರೀಮ್ಯಾಪ್ ಮಾಡ್ತೀವಿ, ಲೀಟರಿಗೆ ನಾಲ್ಕೈದು ಕಿಲೋಮೀಟರ್ ಜಾಸ್ತಿ ಸಿಗುತ್ತೆ’ ಅನ್ನುವವರು ನಮ್ಮ ಕೊಡಗಿನ ಕಡೆಗೂ ಬರುತ್ತಿದ್ದಾರೆ. ಇಸಿಯು ಅಂದರೆ ಎಂಜಿನ್ನನ್ನು ನಡೆಸುವ ಪುಟ್ಟ ಕಂಪ್ಯೂಟರ್. ಯಾವಾಗ ಎಷ್ಟು ಡೀಸೆಲ್ ಬಿಡಬೇಕು ಎಂದು ಅದರಲ್ಲಿರುವ ಲೆಕ್ಕವೇ ಮ್ಯಾಪ್, ಅದನ್ನು ಬದಲಿಸುವುದೇ ರೀಮ್ಯಾಪ್. ನನ್ನದು ಬಿಎಸ್6, ಅಂದರೆ ಹೊಗೆಯ ಕಟ್ಟುನಿಟ್ಟಿನ ನಿಯಮಕ್ಕೆ ತಕ್ಕಂತೆ ಮಾಡಿದ ಡೀಸೆಲ್ ಕಾರು. ಅದಕ್ಕೆ ಏನಾಯ್ತು ಅಂತ ಹೇಳುತ್ತೇನೆ.

ಕೆಲಸ ಮುಗಿಸಿ ಅವರು ಟೆಸ್ಟ್ ಡ್ರೈವ್‌ಗೆ ಹೊರಟಿದ್ದು ಮಡಿಕೇರಿಯಿಂದ ಸಂಪಾಜೆ ಕಡೆಗೆ. ಮೀಟರಿನಲ್ಲಿ ಮೈಲೇಜ್ ಏರುತ್ತಲೇ ಹೋಯಿತು. ಏರದೆ ಇನ್ನೇನು, ದಾರಿಯೇ ಇಳಿಜಾರು! ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಈಗಿನ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಆ ಘಾಟಿಯಲ್ಲಿ ಯಾವ ಕಾರಾದರೂ ಒಳ್ಳೆ ಮೈಲೇಜೇ ತೋರಿಸುತ್ತದೆ.

ಆಮೇಲೆ ಊರಲ್ಲಿ ಓಡಿಸುವಾಗಲೂ ಮೀಟರ್ 21 ಅನ್ನುತ್ತಿತ್ತು. ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದರೆ 16. ಟ್ಯೂನಿಂಗ್‌ಗೆ ಮೊದಲೂ ಅಷ್ಟೇ ಇತ್ತು. ಮೀಟರ್ ಟ್ಯಾಂಕ್ ನೋಡಿ ಹೇಳುವುದಿಲ್ಲ. ಇಂಜೆಕ್ಟರ್ ಎಷ್ಟು ಡೀಸೆಲ್ ಬಿಟ್ಟಿತು ಎಂದು ಇಸಿಯು ಅಂದುಕೊಂಡಿದೆಯೋ ಅದನ್ನೇ ಹೇಳುತ್ತದೆ. ಮ್ಯಾಪ್‌ನಲ್ಲಿ ಆ ಲೆಕ್ಕ ಏರುಪೇರಾದರೆ ಮೀಟರ್ ಆರಾಮಾಗಿ ಸುಳ್ಳು ಹೇಳುತ್ತದೆ.

ಇಷ್ಟೇ ಆಗಿದ್ದರೆ ದುಡ್ಡು ಹೋಯ್ತು ಅಂತ ಸುಮ್ಮನಾಗುತ್ತಿದ್ದೆ. ಈ ಮ್ಯಾಪ್‌ನಲ್ಲಿ ಕಡಿಮೆ ಆರ್‌ಪಿಎಂನಲ್ಲೇ ಎಳೆತ ಬರಲೆಂದು ಡೀಸೆಲ್ ಜಾಸ್ತಿ ಬಿಡುವಂತೆ ಮಾಡಿದ್ದರು. ಏರು ಹತ್ತುವಾಗ ಅದಕ್ಕೆ ತಕ್ಕ ಗಾಳಿ ಸಿಗದಿದ್ದರೆ ಮಸಿ. ಆ ಮಸಿಯೆಲ್ಲ ಹೋಗಿ ಕೂರುವುದು ಸೈಲೆನ್ಸರ್ ಲೈನಿನ ಡಿಪಿಎಫ್ ಫಿಲ್ಟರಿನಲ್ಲಿ. ಅದು ಬಿಸಿಯಾಗಿ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಒಂದೇ ಸಮ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಓಡುವ ನಮ್ಮ ಕಾರುಗಳಿಗೆ ಅದೆಲ್ಲಿ ಸಿಗುತ್ತೆ? ಕುಶಾಲನಗರ ದಾಟಿ ಮೈಸೂರು ರಸ್ತೆ ಹಿಡಿದರೆ ಉಂಟು.

ಒಂದು ಸಂಜೆ ಮಳೆಯಲ್ಲಿ ಸುಳ್ಯದಿಂದ ಬರುತ್ತಿದ್ದೆ. ಜೋಡುಪಾಲದ ಹತ್ತಿರ ಎಂಜಿನ್ ಲೈಟ್ ಹತ್ತಿ ಕಾರು ಲಿಂಪ್ ಮೋಡ್‌ಗೆ ಹೋಯಿತು, ಅಂದರೆ ಎಂಜಿನ್ ಹಾಳಾಗದಿರಲೆಂದು ಇಸಿಯು ತಾನೇ ಶಕ್ತಿ ಇಳಿಸಿಬಿಟ್ಟಿತು. ಎಷ್ಟು ಒತ್ತಿದರೂ ಎಳೆಯುತ್ತಿಲ್ಲ. ಹಿಂದೆ ಲಾರಿಗಳ ಹಾರ್ನ್, ಪಕ್ಕದಲ್ಲಿ ಕಂದಕ. ಮದೆನಾಡಿನವರೆಗೆ ತೆವಳಿಕೊಂಡೇ ಬಂದೆ.

ಫೋನ್ ಮಾಡಿದರೆ ಟ್ಯೂನಿಂಗ್‌ನವರ ಉತ್ತರ: ‘ಡಿಪಿಎಫ್ ತೆಗೆದುಬಿಡೋಣ ಸರ್, ಪ್ರಾಬ್ಲಮ್ಮೇ ಇರಲ್ಲ.’ ಬಿಎಸ್6 ಕಾರಿನಲ್ಲಿ ಅದನ್ನು ತೆಗೆಯುವುದು ಕಾನೂನಿಗೆ ವಿರುದ್ಧ. ಹಳೇ ಸಾಫ್ಟ್‌ವೇರ್ ಫೈಲ್ ಕೊಡಿ ಅಂದೆ. ‘ಹುಡುಕಬೇಕು’ ಅಂದರು. ಮುಂದೆ ಫೋನೇ ಎತ್ತಲಿಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿದ ಕೂಡಲೇ ಸಾಫ್ಟ್‌ವೇರ್ ಬದಲಾಗಿದೆ ಅಂತ ಗೊತ್ತಾಯಿತು. ಎಂಜಿನ್ ವಾರಂಟಿ ಇಲ್ಲ ಅಂದರು. ಕಂಪನಿ ಸಾಫ್ಟ್‌ವೇರ್ ಮತ್ತೆ ಹಾಕಿಸಿ, ಡಿಪಿಎಫ್ ಕ್ಲೀನ್ ಮಾಡಿಸಿದ ಬಿಲ್ ಪೂರ್ತಿ ನಾನೇ ಕಟ್ಟಿದೆ. ಟ್ಯೂನಿಂಗ್‌ನವರು ರಸೀದಿ ಕೊಟ್ಟಿರಲಿಲ್ಲ, ಹಾಗಾಗಿ ದೂರು ಕೊಡಲೂ ಕೈಯಲ್ಲಿ ಏನೂ ಇಲ್ಲ.

ಮೈಲೇಜ್ ಬಿದ್ದಿದ್ದರೆ ಮೊದಲು ಟೈರ್ ಗಾಳಿ, ಏರ್ ಫಿಲ್ಟರ್, ಬ್ರೇಕ್ ಹಿಡಿದುಕೊಂಡಿದೆಯಾ ಅಂತ ನೋಡಿಸಿ. ಅದಾದ ಮೇಲೂ ಟ್ಯೂನಿಂಗ್ ಬೇಕೇ ಬೇಕು ಅನ್ನುವವರು ಕಂಪನಿಯ ಮೂಲ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು, ರಸೀದಿ ಪಡೆದು, ಆಮೇಲೇ ಕಾರಿಗೆ ಕೇಬಲ್ ಚುಚ್ಚಲು ಬಿಡಿ. ಟೆಸ್ಟ್ ಡ್ರೈವ್‌ಗೆ ಸಂಪಾಜೆಯಿಂದ ಮೇಲಕ್ಕೆ ಹತ್ತಿಸಿ ತೋರಿಸಿ ಅನ್ನಿ.