ಊನೊ, ಇಎಸ್‌ಪಿ32, ಪೈಕೊ: ಒಂದೇ ಕೆಲಸ ಮೂರೂ ಬೋರ್ಡಿಗೆ ಕೊಟ್ಟು ನೋಡಿದೆ

ಸೆನ್ಸರ್, ಮೋಟರ್ ಕಟ್ಟಿ ಪ್ರೋಗ್ರಾಂ ಹಾಕುವ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ ತಗೊಳ್ಳುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಮೆಗಾಹರ್ಟ್ಜ್ ಕಡೆಗೆ, ಅಂದರೆ ಪ್ರೊಸೆಸರಿನ ವೇಗದ ಕಡೆಗೆ. ಅರ್ಡುಯಿನೊ ಊನೊ (ಆರ್3) 16, ರಾಸ್ಪ್‌ಬೆರಿ ಪೈ ಪೈಕೊ 133, ಇಎಸ್‌ಪಿ32 ಆದರೆ 240. ಹಾಗೆ ನೋಡಿದರೆ ಮಾತು ಅಲ್ಲಿಗೇ ಮುಗಿಯಿತು, ಅಲ್ವಾ? ಆದರೆ ಒಂದೇ ಪ್ರಾಜೆಕ್ಟನ್ನು ಮೂರರ ಮೇಲೂ ಕಟ್ಟಿ ನೋಡಿದಾಗ ಮೆಗಾಹರ್ಟ್ಜ್ ಎಲ್ಲೂ ಲೆಕ್ಕಕ್ಕೇ ಬರಲಿಲ್ಲ. ಯಾವ ಪಿನ್ ಎಷ್ಟು ವೋಲ್ಟ್ ತಡೆಯುತ್ತದೆ, ಯಾವ ಪಿನ್ ಖಾಲಿ ಇದ್ದ ಹಾಗೆ ಕಂಡರೂ ಖಾಲಿ ಇಲ್ಲ, ಸಮಯ ಹೋಗಿದ್ದೆಲ್ಲ ಇದರಲ್ಲೇ.

ಪ್ರಾಜೆಕ್ಟ್ ದೊಡ್ಡದೇನಲ್ಲ. ಟ್ಯಾಂಕಿನ ನೀರಿನ ಮಟ್ಟ ಅಳೆಯಲು ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್, ಮಟ್ಟ ತೋರಿಸಲು ಪುಟ್ಟ ಓಎಲ್‌ಇಡಿ ಪರದೆ, ಪಂಪನ್ನು ಆನ್-ಆಫ್ ಮಾಡಲು ರಿಲೇ, ಎಷ್ಟು ತುಂಬಿದರೆ ಪಂಪ್ ನಿಲ್ಲಬೇಕು ಅಂತ ತಿರುಗಿಸಿ ಹೇಳಲು ಒಂದು ಪೊಟೆನ್ಷಿಯೋಮೀಟರ್. ಮೇಜಿನ ಮೇಲೆ ಪಂಪಿನ ಬದಲು ರಿಲೇಗೆ ಸುಮ್ನೆ ಒಂದು ಎಲ್‌ಇಡಿ ಕಟ್ಟಿದ್ದೆ. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚುವ ತೂತಿನ ಹಲಗೆ) ಹತ್ತಿರ ಕರೆಂಟಿನ ಮೇನ್ಸ್ ವೈರ್ ತರುವುದು ನನಗೆ ಇಷ್ಟವಿಲ್ಲ.

ಊನೊದಲ್ಲಿ ವೈರಿಂಗ್ ಅಂದರೆ ಏನೂ ಇಲ್ಲ. ಬೋರ್ಡೂ 5 ವೋಲ್ಟ್, ಸೆನ್ಸರೂ 5 ವೋಲ್ಟ್, ನೇರ ಚುಚ್ಚಿದರೆ ಆಯಿತು. ಒಂದು ಪಿನ್ನಿನಿಂದ 20 ಮಿಲಿಆಂಪ್ ಆರಾಮಾಗಿ ಎಳೆಯಬಹುದು. 14 ಡಿಜಿಟಲ್ ಪಿನ್ ಅಂತ ಬರೆದಿರುತ್ತಾರೆ, ಆದರೆ 0 ಮತ್ತು 1 ಯುಎಸ್‌ಬಿ ಸೀರಿಯಲ್‌ಗೆ ಸೇರಿದವು, ಅಲ್ಲಿ ಏನಾದರೂ ಕಟ್ಟಿದರೆ ಅಪ್‌ಲೋಡ್ ಕೈಕೊಡುತ್ತದೆ. ಆರು ಅನಲಾಗ್‌ನಲ್ಲೂ ಐ2ಸಿ (ಎರಡು ವೈರಿನಲ್ಲಿ ಮಾತಾಡುವ) ಡಿಸ್‌ಪ್ಲೇ ಹಾಕಿದ ಕೂಡಲೇ ಎ4, ಎ5 ಹೋದವು, ಉಳಿದಿದ್ದು ನಾಲ್ಕು.

ಊನೊ ಒದ್ದಾಡುವುದು ಮೆಮೊರಿಯಲ್ಲಿ. ಇರುವ ರ‍್ಯಾಮ್ 2 ಕೆಬಿ, ಅಂದರೆ 2048 ಬೈಟ್. 128 x 64 ಓಎಲ್‌ಇಡಿಯ ಒಂದು ಪೂರ್ತಿ ಚಿತ್ರಕ್ಕೇ 1024 ಬೈಟ್ ಬೇಕು. ಅರ್ಧ ಅಲ್ಲೇ ಖಾಲಿ. ಎಲ್ಲರೂ ಬಳಸುವ ಅಡಾಫ್ರೂಟ್ ಲೈಬ್ರರಿ ಈ ಜಾಗವನ್ನು ಪ್ರೋಗ್ರಾಂ ಓಡಲು ಶುರುವಾದ ಮೇಲೆ ಕೇಳುತ್ತದೆ, ಹಾಗಾಗಿ ಕಂಪೈಲ್ ಮಾಡುವಾಗ ಬರುವ ಮೆಮೊರಿ ಲೆಕ್ಕದಲ್ಲಿ ಅದು ಸೇರಿರುವುದಿಲ್ಲ. ಲೆಕ್ಕ ನೋಡಿದರೆ ಎಲ್ಲ ಸರಿ, ಪರದೆ ನೋಡಿದರೆ ಕಪ್ಪು. ಹೊಸಬರು ಡಿಸ್‌ಪ್ಲೇ ಕೆಟ್ಟಿದೆ ಅಂತ ಬದಲಾಯಿಸುವುದು ಇಲ್ಲೇ. ಚಿತ್ರವನ್ನು ತುಂಡು ತುಂಡಾಗಿ ಬಿಡಿಸುವ ಯು8ಜಿ2 ಲೈಬ್ರರಿಯ ಪೇಜ್ ಮೋಡ್ ಹಾಕಿದರೆ ಊನೊದಲ್ಲೂ ಚೆನ್ನಾಗಿ ನಡೆಯುತ್ತದೆ, ಸೀರಿಯಲ್‌ಗೆ ಕಳಿಸುವ ಅಕ್ಷರಗಳನ್ನೆಲ್ಲ ಎಫ್ ಮ್ಯಾಕ್ರೊ ಹಾಕಿ ಫ್ಲ್ಯಾಶಿಗೆ (ಪ್ರೋಗ್ರಾಂ ಇರುವ ಮೆಮೊರಿಗೆ) ತಳ್ಳಿದರೆ ಇನ್ನೂ ಒಳ್ಳೆಯದು.

ಇಎಸ್‌ಪಿ32ರಲ್ಲಿ ಈ ಗೋಳಿಲ್ಲ, 520 ಕೆಬಿ ರ‍್ಯಾಮ್ ಇದೆ. ವೈಫೈ, ಬ್ಲೂಟೂತ್ ಒಳಗೇ ಇದೆ. ಆದರೆ ಇದು 3.3 ವೋಲ್ಟ್ ಬೋರ್ಡ್, ಸೆನ್ಸರಿನ ಎಕೋ ಪಿನ್ (ಅಳತೆಯ ಪಲ್ಸ್ ಕಳಿಸುವುದು) ಕೊಡುವುದು 5 ವೋಲ್ಟ್. ಎಕೋದಿಂದ ಬೋರ್ಡಿನ ಪಿನ್ನಿಗೆ 1 ಕಿಲೋಓಮ್, ಆ ಪಿನ್ನಿನಿಂದ ಗ್ರೌಂಡಿಗೆ 2 ಕಿಲೋಓಮ್, ಹೀಗೆ ರೆಸಿಸ್ಟರ್ ಜೋಡಿ ಹಾಕಿ ಇಳಿಸಲೇಬೇಕು. ಹಾಕದೆಯೂ ಓಡುತ್ತದೆ ಅನ್ನುವವರಿದ್ದಾರೆ. ಓಡುವಷ್ಟು ದಿನ ಓಡುತ್ತದೆ.

ಪಿನ್ನುಗಳ ವಿಷಯದಲ್ಲಂತೂ ಇದರ ಕಾಟ ಜಾಸ್ತಿ. 6ರಿಂದ 11ರವರೆಗೆ ಒಳಗಿನ ಫ್ಲ್ಯಾಶಿಗೆ ಮೀಸಲು, ಮುಟ್ಟುವ ಹಾಗಿಲ್ಲ. 34, 35, 36, 39 ಬರೀ ಇನ್‌ಪುಟ್, ಅವುಗಳಲ್ಲಿ ಪುಲ್‌ಅಪ್ (ಪಿನ್ನನ್ನು ಹೈ ಕಡೆಗೆ ಎಳೆದಿಡುವ ಒಳ ರೆಸಿಸ್ಟರ್) ಕೂಡ ಇಲ್ಲ. ವೈಫೈ ಆನ್ ಇದ್ದಾಗ ಎಡಿಸಿ2 (ವೋಲ್ಟೇಜನ್ನು ಅಂಕಿಯಾಗಿಸುವ ಎರಡನೇ ಘಟಕ) ಗುಂಪಿನ ಪಿನ್ನುಗಳಲ್ಲಿ ಅನಲಾಗ್ ಓದಲು ಆಗುವುದಿಲ್ಲ. ಎಲ್ಲಕ್ಕಿಂತ ತಮಾಷೆ 12ನೇ ಪಿನ್ನಿನದು. ಬೋರ್ಡ್ ಏಳುವ ಹೊತ್ತಿನಲ್ಲಿ ಅದು ಹೈ ಇದ್ದರೆ ಚಿಪ್ಪು ಫ್ಲ್ಯಾಶಿಗೆ 3.3 ಬದಲು 1.8 ವೋಲ್ಟ್ ಕೊಡುತ್ತದೆ. ಆ್ಯಕ್ಟಿವ್-ಲೋ (ಲೋ ಕೊಟ್ಟರೆ ಆನ್ ಆಗುವ) ರಿಲೇ ಮಾಡ್ಯೂಲಿನ ಇನ್‌ಪುಟ್ ತಾನಾಗಿಯೇ ಮೇಲಕ್ಕೆ ಎಳೆದುಕೊಂಡಿರುತ್ತದೆ, ಅದನ್ನು 12ಕ್ಕೆ ಕಟ್ಟಿದರೆ ಸೀರಿಯಲ್ ಮಾನಿಟರಿನಲ್ಲಿ ‘ಫ್ಲ್ಯಾಶ್ ರೀಡ್ ಎರರ್’ ಮತ್ತೆ ಮತ್ತೆ ಬರುತ್ತದೆ, ಬೋರ್ಡ್ ಮಾತ್ರ ಏಳುವುದಿಲ್ಲ. ರಿಲೇ ವೈರ್ ಕಿತ್ತರೆ ಕೂಡಲೇ ಎದ್ದು ಕೂರುತ್ತದೆ. ನಿಮ್ಮ ಕೋಡಿನ ಒಂದು ಸಾಲೂ ಓಡುವ ಮೊದಲೇ ನಡೆಯುವ ಗಲಾಟೆ ಇದು, ಕೋಡಿನಲ್ಲಿ ಹುಡುಕಿದರೆ ಹೇಗೆ ಸಿಗಬೇಕು?

ಕರೆಂಟ್ ಕೂಡ ಹೆಚ್ಚು ಬೇಕು. ವೈಫೈ ಕಳಿಸುವ ಗಳಿಗೆಯಲ್ಲಿ ಇನ್ನೂರು ಮಿಲಿಆಂಪ್ ದಾಟುತ್ತದೆ, ತೆಳ್ಳಗಿನ ಯುಎಸ್‌ಬಿ ಕೇಬಲ್ ಇದ್ದರೆ ಬ್ರೌನ್‌ಔಟ್ (ವೋಲ್ಟೇಜ್ ಕುಸಿಯಿತು) ಅಂತ ಬರೆದು ರೀಸೆಟ್ ಆಗುತ್ತದೆ. 12 ಬಿಟ್ ಎಡಿಸಿ ಅಂತ ಹೇಳಿಕೊಂಡರೂ ಎರಡೂ ತುದಿಗಳಲ್ಲಿ ಅದು ನೇರವಿಲ್ಲ. ಪೊಟೆನ್ಷಿಯೋಮೀಟರ್ ಇನ್ನೂ ತಿರುಗುತ್ತಿದ್ದರೂ ರೀಡಿಂಗ್ ಗರಿಷ್ಠ ಅಂಕಿ 4095ರಲ್ಲೇ ನಿಂತಿತ್ತು. ಜೊತೆಗೆ ಬೋರ್ಡ್ ಎಷ್ಟು ಅಗಲ ಅಂದರೆ ಬ್ರೆಡ್‌ಬೋರ್ಡಿನಲ್ಲಿ ಒಂದು ಕಡೆ ವೈರ್ ಚುಚ್ಚಲು ತೂತೇ ಉಳಿಯಲಿಲ್ಲ.

ಪೈಕೊ ಈ ವಿಷಯದಲ್ಲಿ ಸಭ್ಯ. 21 ಮಿಲಿಮೀಟರ್ ಅಗಲ, ಎರಡೂ ಕಡೆ ತೂತು ಉಳಿಯುತ್ತವೆ. ಆದರೆ ಪಿನ್ ಹೆಸರುಗಳನ್ನು ಬೋರ್ಡಿನ ಹೊಟ್ಟೆಯ ಮೇಲೆ ಅಚ್ಚು ಹಾಕಿದ್ದಾರೆ, ಚುಚ್ಚಿದ ಮೇಲೆ ಏನೂ ಕಾಣುವುದಿಲ್ಲ. ಈ ಬುದ್ಧಿ ಯಾರದೋ! ನಾವು ಬಳಸಬಹುದಾದ 26 ಪಿನ್ ಇವೆ, ಎದ್ದೇಳುವಾಗ ಕಾಡುವ ಪಿನ್ ಒಂದೂ ಸಿಗಲಿಲ್ಲ. ಬೂಟ್‌ಸೆಲ್ ಬಟನ್ ಒತ್ತಿಕೊಂಡು ಯುಎಸ್‌ಬಿ ಹಾಕಿದರೆ ಪೆನ್‌ಡ್ರೈವ್ ಹಾಗೆ ಕಾಣುತ್ತದೆ, ಫೈಲ್ ಎಳೆದು ಬಿಟ್ಟರೆ ಮುಗಿಯಿತು. ಇದೂ 3.3 ವೋಲ್ಟೇ, ರೆಸಿಸ್ಟರ್ ಜೋಡಿ ಇಲ್ಲೂ ಬೇಕು. ಹೊರಗೆ ಸಿಗುವ ಅನಲಾಗ್ ಪಿನ್ ಮೂರೇ. ಪಿನ್ನಿನಿಂದ ಎಳೆಯುವ ಕರೆಂಟೂ ಕಮ್ಮಿ, ಹೆಚ್ಚೆಂದರೆ 12 ಮಿಲಿಆಂಪಿನ ಸೆಟ್ಟಿಂಗ್.

ಪೈಕೊದ ನಿಜವಾದ ಬಲ ಪಿಐಒ. ಮುಖ್ಯ ಪ್ರೊಸೆಸರಿಗೆ ತೊಂದರೆ ಕೊಡದೆ ಪಿನ್ನುಗಳನ್ನು ತಾವೇ ನೋಡಿಕೊಳ್ಳುವ ಎಂಟು ಪುಟ್ಟ ಯಂತ್ರಗಳು. ಎಕೋ ಪಲ್ಸಿನ ಉದ್ದ ಅಳೆಯುವ ಕೆಲಸ ಒಂದಕ್ಕೆ ಒಪ್ಪಿಸಿದೆ, ಡಿಸ್‌ಪ್ಲೇ ಬಿಡಿಸುತ್ತಿರುವಾಗಲೂ ಅಳತೆ ಅಲುಗಾಡಲಿಲ್ಲ. ಕಲಿಯಲು ಸ್ವಲ್ಪ ಹಠ ಬೇಕು, ಹೊಸಬರಿಗೆ ಮೊದಲ ದಿನವೇ ಬೇಡ. ಸಾದಾ ಪೈಕೊದಲ್ಲಿ ವೈಫೈ ಇಲ್ಲ, 2022ರಲ್ಲಿ ಬಂದ ಪೈಕೊ ಡಬ್ಲ್ಯೂನಲ್ಲಿ ಇದೆ. ಡಬ್ಲ್ಯೂನಲ್ಲಿ ಬೋರ್ಡಿನ ಎಲ್‌ಇಡಿ ವೈಫೈ ಚಿಪ್ಪಿಗೆ ಸೇರಿದ್ದು, 25ನೇ ಪಿನ್ ಮಿಣುಕಿಸುವ ಹಳೆ ಕೋಡ್ ಹಾಕಿದರೆ ಎಲ್‌ಇಡಿ ಸುಮ್ಮನಿರುತ್ತದೆ.

ಮೊದಲ ಸಲ ಕಲಿಯುವವರು ಕೇಳಿದರೆ ನಾನು ಊನೊ ಅಂತಲೇ ಹೇಳುವುದು, ಅದು ತಪ್ಪು ವೈರಿಂಗನ್ನು ಜಾಸ್ತಿ ಸಹಿಸಿಕೊಳ್ಳುತ್ತದೆ. ಟೈಮಿಂಗ್ ಬಿಗಿಯಾಗಿರಬೇಕಾದ ಕೆಲಸಕ್ಕೆ ಪೈಕೊ. ಟ್ಯಾಂಕಿಗೆ ಮಾತ್ರ ಇಎಸ್‌ಪಿ32 ಉಳಿಸಿಕೊಂಡೆ, ಮಟ್ಟ ಫೋನಿನಲ್ಲಿ ಕಾಣಬೇಕಿತ್ತು. ಸೆನ್ಸರಿನ ಟ್ರಿಗರ್ (ಅಳತೆ ಶುರು ಮಾಡಿಸುವ ಪಿನ್) 18, ಎಕೋ 19, ಡಿಸ್‌ಪ್ಲೇ 21 ಮತ್ತು 22, ಪೊಟೆನ್ಷಿಯೋಮೀಟರ್ 34, ರಿಲೇ 26. ಈ ಪಿನ್ನುಗಳಲ್ಲಿ ಹಾಕಿದರೆ ಮೇಲೆ ಹೇಳಿದ ಪಿನ್ ಆಯ್ಕೆಯ ಗಲಾಟೆ ಬರುವುದಿಲ್ಲ, ಎಕೋಗೆ ರೆಸಿಸ್ಟರ್ ಜೋಡಿ ಮಾತ್ರ ಬೇಕೇ ಬೇಕು, ಬೇಕಾದವರು ಹಾಗೇ ನಕಲು ಮಾಡಿಕೊಳ್ಳಿ.