ಅಜ್ಜನ ಫೋಟೊ, ನಾಲ್ಕು ಬಗೆಯ ಚುಕ್ಕಿ

ಶಿರಸಿ ಸಮೀಪದ ನಮ್ಮೂರ ದೇವಸ್ಥಾನದ ಸ್ಮರಣ ಸಂಚಿಕೆಗೆ ಅಜ್ಜನ ಫೋಟೊ ಬೇಕಾಗಿತ್ತು. ಮುಂಡಾಸು ಸುತ್ತಿ, ಕವಳದ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತ ಚಿತ್ರವದು. ಅಳತೆ 6×4 ಇಂಚು, ಅಂಚಿಗೆ ಬೂಷ್ಟು ಹಿಡಿದಿದೆ. ಸಂಚಿಕೆಯ ಮೊದಲ ಪ್ರತಿಯನ್ನು 600 ಡಿಪಿಐ (ಇಂಚಿಗೆ 600 ಚುಕ್ಕಿ) ಲೇಸರ್ ಪ್ರಿಂಟರಿನಲ್ಲಿ ತೆಗೆದು, ಉಳಿದವನ್ನು ಫೋಟೊಕಾಪಿ ಮಾಡಿಸುವುದೆಂದು ತೀರ್ಮಾನವಾಗಿತ್ತು. ಈ ಯಂತ್ರಗಳಲ್ಲಿ ಬೂದು ಶಾಯಿ ಎಂಬುದಿಲ್ಲ. ಕಪ್ಪು ಬೀಳಬೇಕು, ಇಲ್ಲವೇ ಕಾಗದ ಬಿಳಿಯಾಗಿಯೇ ಉಳಿಯಬೇಕು. ಅಂಗಳದಲ್ಲಿ ಹರಡಿದ ಅಡಿಕೆ ದೂರದಿಂದ ಒಂದೇ ಬಣ್ಣದ ಹಾಸಿನಂತೆ ಕಾಣುವ ಹಾಗೆ, ನಡುವಿನ ಛಾಯೆಗಳನ್ನೆಲ್ಲ ಚುಕ್ಕಿಗಳ ದಟ್ಟಣೆಯಿಂದಲೇ ತೋರಿಸಬೇಕು. ಸ್ಕ್ಯಾನರಿನ ತಂತ್ರಾಂಶದಲ್ಲಿಯೂ ಚಿತ್ರ ಸಂಪಾದನೆಯ ತಂತ್ರಾಂಶದಲ್ಲಿಯೂ ಇದಕ್ಕಾಗಿ ಸಿಕ್ಕ ನಾಲ್ಕು ಆಯ್ಕೆಗಳನ್ನು ಇದೇ ಫೋಟೊದ ಮೇಲೆ ಪ್ರಯೋಗಿಸಿದೆ.

ಮೊದಲನೆಯದು ಥ್ರೆಶೋಲ್ಡ್. 0ಯಿಂದ 255ರವರೆಗಿನ ಛಾಯೆಗಳಲ್ಲಿ 128ಕ್ಕಿಂತ ಕೆಳಗಿನದೆಲ್ಲ ಕಪ್ಪು, ಮೇಲಿನದೆಲ್ಲ ಬಿಳಿ. ಅಜ್ಜನ ಕಾಗದಪತ್ರಗಳ ಕೈಬರಹಕ್ಕೆ ಇದಕ್ಕಿಂತ ಒಳ್ಳೆಯದು ಬೇಡ. ಫೋಟೊದಲ್ಲಿ ಮಾತ್ರ ಮುಂಡಾಸು ಗೋಡೆಯೊಳಗೆ ಕರಗಿ, ಕಣ್ಣುಗಳು ಎರಡು ಗುಳಿಗಳಾದವು.

ಎರಡನೆಯದು ಬೇಯರ್ ಎಂಬ ತಂತ್ರಜ್ಞ 1973ರಲ್ಲಿ ವಿವರಿಸಿದ ಕ್ರಮಬದ್ಧ ಡಿದರಿಂಗ್, ಅಂದರೆ ಚುಕ್ಕಿಗಳನ್ನು ಚದುರಿಸಿ ಛಾಯೆ ತೋರಿಸುವುದು. ಇದರಲ್ಲಿ 128ರಂಥ ಒಂದೇ ಮಿತಿಯ ಬದಲು 8×8ರ ಒಂದು ಕೋಷ್ಟಕದ 64 ಮಿತಿಗಳನ್ನು ಹೆಂಚು ಹೊದಿಸಿದಂತೆ ಚಿತ್ರದ ಉದ್ದಗಲಕ್ಕೂ ಜೋಡಿಸುತ್ತಾರೆ. ಬಿಳಿಯೂ ಸೇರಿ 65 ಛಾಯೆಗಳು ಸಿಗುತ್ತವೆ. ಛಾಯೆಗಳೇನೋ ಬಂದವು, ಆದರೆ ಅಜ್ಜ ಸೊಳ್ಳೆ ಪರದೆಯ ಆಚೆ ಕುಳಿತಂತೆ ಕಂಡರು.

ಮೂರನೆಯದು ಎರರ್ ಡಿಫ್ಯೂಷನ್. ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ 1976ರಲ್ಲಿ ಪ್ರಕಟಿಸಿದ ಈ ವಿಧಾನವು ಮಂಡಿಯ ಲೆಕ್ಕದಲ್ಲಿ ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ಯುವುದನ್ನು ನೆನಪಿಸುತ್ತದೆ. ಒಂದು ಪಿಕ್ಸೆಲ್‌ನ ಬೆಲೆ 100 ಇದೆಯೆನ್ನೋಣ. ಅದು 128ಕ್ಕಿಂತ ಕಡಿಮೆಯಾದ್ದರಿಂದ ಕಪ್ಪಾಗುತ್ತದೆ, ಅಂದರೆ 0 ಆಗುತ್ತದೆ. ಕಳೆದುಹೋದ ಆ 100ನ್ನು ಹಾಗೆಯೇ ಬಿಡದೆ, ಬಲಗಡೆಯ ಪಿಕ್ಸೆಲ್‌ಗೆ 7/16, ಕೆಳಗಿನ ಸಾಲಿನ ಎಡಕ್ಕೆ 3/16, ನೇರ ಕೆಳಗೆ 5/16, ಬಲಕ್ಕೆ 1/16 ಪಾಲಿನಂತೆ ಹಂಚುತ್ತಾರೆ. ಬಲಗಡೆಯದಕ್ಕೆ 43.75 ಸೇರಿದ ಕಾರಣ ಅದು ಬಿಳಿಯಾಗುವ ಸಂಭವ ಹೆಚ್ಚುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಇದಕ್ಕೆ ಎದುರಿಲ್ಲ: ಹಣೆಯ ಸುಕ್ಕು, ಬಟ್ಟಲಿನ ಅಂಚಿನ ಹೊಳಪು ಎರಡೂ ಉಳಿದವು, ತಿಳಿ ಗೋಡೆಯ ಮೇಲೆ ಹುಳು ಹರಿದಂಥ ಗೆರೆಗಳನ್ನು ಬಿಟ್ಟರೆ ದೋಷವೇನೂ ಕಾಣಲಿಲ್ಲ. ನಾನು ಇದನ್ನೇ ಆರಿಸಿಬಿಟ್ಟಿದ್ದೆ. ಆದರೆ ನನ್ನ ಸ್ಕ್ಯಾನಿನ 300 ಡಿಪಿಐನ ಒಂಟಿ ಚುಕ್ಕಿಯ ಅಗಲ 0.085 ಮಿ.ಮೀ. ಮಾತ್ರ. ಫೋಟೊಕಾಪಿಯಲ್ಲಿ ತಿಳಿ ಭಾಗದ ಒಂಟಿ ಚುಕ್ಕಿಗಳು ಅಳಿಸಿಹೋದವು, ನೆರಳಿನ ಭಾಗದ ಒಂಟಿ ಬಿಳಿಗಳು ಟೋನರಿನ ಕಪ್ಪು ಪುಡಿಯಿಂದ ತುಂಬಿಕೊಂಡವು. ಜೀವಮಾನದಲ್ಲಿ ಒಮ್ಮೆಯೂ ಗಡ್ಡ ಬಿಡದ ಅಜ್ಜನಿಗೆ ಕಪ್ಪು ಗಡ್ಡ ಬಂದಿತ್ತು.

ನಾಲ್ಕನೆಯದು ಪತ್ರಿಕೆಗಳ ಹಳೆಯ ಹಾಫ್‌ಟೋನ್. ಇಲ್ಲಿ ಚುಕ್ಕಿಗಳು ಚದುರುವುದಿಲ್ಲ. ಒಂದೊಂದು ಚೌಕದ ಮನೆಯ ನಡುವೆ ಗುಂಪುಗೂಡಿ, ಛಾಯೆ ಗಾಢವಾದಂತೆ ಗುಂಪೇ ದಪ್ಪವಾಗುತ್ತದೆ. 600 ಡಿಪಿಐನಲ್ಲಿ 8×8ರ ಮನೆಯಿಟ್ಟರೆ ಇಂಚಿಗೆ 75 ಸಾಲು. ನಮ್ಮ ಕಣ್ಣು ಅಡ್ಡ ಮತ್ತು ಲಂಬ ಗೆರೆಗಳನ್ನು ಬೇಗ ಹಿಡಿಯುವುದರಿಂದ, ಸಾಲುಗಳನ್ನು 45 ಡಿಗ್ರಿ ಓರೆಯಾಗಿಡುವುದು ರೂಢಿ. ಪರದೆಯ ಮೇಲೆ ಇದು ಒರಟು, ಬಟ್ಟಲಿನ ಅಂಚು ಪೂರ್ತಿ ಮಾಯ. ಆದರೂ ಪ್ರತಿಯಿಂದ ಪ್ರತಿ ತೆಗೆದು ಮೂರನೆಯ ಪ್ರತಿಯನ್ನು ನೋಡಿದಾಗಲೂ ಮುಖ ಅಜ್ಜನದಾಗಿಯೇ ಇತ್ತು. ಸಂಚಿಕೆಗೆ ಹೋದದ್ದು ಇದೇ.

ಫೋಟೊವನ್ನು ಸ್ಕ್ಯಾನ್ ಮಾಡುವಾಗಲೇ ಚುಕ್ಕಿಗಳಾಗಿಸುವುದನ್ನು ಮಾತ್ರ ನಾನು ಇನ್ನು ಮಾಡುವುದಿಲ್ಲ. 300 ಡಿಪಿಐನಲ್ಲಿ ಈ ಚಿತ್ರ 8 ಬಿಟ್ ಗ್ರೇಸ್ಕೇಲಾದರೆ (256 ಬೂದು ಛಾಯೆಗಳಲ್ಲಿ ಉಳಿಸಿದರೆ) ಸಂಕುಚನವಿಲ್ಲದೆ 2.16 ಎಂಬಿ, ಚುಕ್ಕಿಗಳಾದರೆ 270 ಕೆಬಿ. ಆ ಉಳಿತಾಯಕ್ಕೆ ಮರುಳಾಗಿ ಮೊದಲ ಸಲ ನೇರವಾಗಿ ಚುಕ್ಕಿಯಲ್ಲೇ ಉಳಿಸಿಕೊಂಡಿದ್ದೆ. ಪುಟಕ್ಕೆ ಹೊಂದಿಸಲು ಅದನ್ನು ಕಿರಿದಾಗಿಸಿದೊಡನೆ ಗೋಡೆಯ ತುಂಬ ಚೌಕಳಿ ಮೂಡಿತು. ಸೆನ್ಸರ್ ಅಳೆದ ಛಾಯೆಗಳು ಆ ಕಡತದಲ್ಲಿ ಇರಲೇ ಇಲ್ಲ, ಹಾಗಾಗಿ ಬೂಷ್ಟು ಹಿಡಿದ ಫೋಟೊವನ್ನು ಆಲ್ಬಮ್ಮಿನಿಂದ ಮತ್ತೊಮ್ಮೆ ಬಿಡಿಸಬೇಕಾಯಿತು.